ಅಪ್ಪ ನೊರೆ ನೋಡಿದ ವರ್ಷ

“ಕೂತ್ಕೊಳ್ಳಮ್ಮಾ” ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಇರಲಿ. ನನ್ನ ಕಾಲಿನ ಚಿಂತೆ ನನಗಿರಲಿ, ಅವರು ತಮ್ಮ ಸೀಟು ನೋಡಿಕೊಳ್ಳಲಿ.

ಮೊನ್ನೆ ಚಿನಕುರಳಿಯ ಹತ್ತಿರ ಕಬ್ಬಿನ ಟ್ರಾಕ್ಟರೊಂದು ರಸ್ತೆಗೆ ಅಡ್ಡ ನಿಂತು ನಮ್ಮ ಬಸ್ಸು ಹತ್ತು ನಿಮಿಷ ಅಲ್ಲಾಡಲಿಲ್ಲ. ಪಕ್ಕದಲ್ಲೇ ಆಲೆಮನೆ. ಬಾಗಿಲಲ್ಲಿ ನಿಂತಿದ್ದ ನನಗೆ ಬೇಯುವ ಕಬ್ಬಿನ ಹಾಲಿನ ವಾಸನೆ ಗಮ್ಮನೆ ಹೊಡೆಯಿತು, ಅದರ ಹಿಂದೆಯೇ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ. ಆಲೆಮನೆಗೆ ಸ್ಪಿರಿಟ್ಟು ಎಲ್ಲಿಂದ ಬರಬೇಕು? ಅದು ನನ್ನ ತಲೆಯೊಳಗಿನದು. ಒಂದು ಕಬ್ಬಿನ ಕಾಲದಲ್ಲಿ ಈ ಎರಡು ವಾಸನೆಗಳು ಹೀಗೆ ಅಂಟಿಕೊಂಡವು, ಇವತ್ತಿಗೂ ಬಿಡಿಸಲು ಆಗಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಕೆ.ಆರ್.ಪೇಟೆಯಿಂದ ಬೂಕನಕೆರೆ, ಚಿನಕುರಳಿ ಮೇಲೆ ಪಾಂಡವಪುರ, ಅಲ್ಲಿಂದ ಶ್ರೀರಂಗಪಟ್ಟಣ. ಇದು ನನ್ನ ರೂಟು. ಬೇಡಿ ಪಡೆದದ್ದಲ್ಲ, ಜಗಳವಾಡಿ ಪಡೆದದ್ದು. ಮದುವೆಯಾದ ಹೆಂಗಸು ನಸುಕಿನಲ್ಲೇ ಎದ್ದು ಮೊದಲ ಬಸ್ಸಿಗೆ ಹೋಗಬೇಕಾ ಎಂದು ಕೇಳಿದ ನೆಂಟರನ್ನೆಲ್ಲ ದಾಟಿಕೊಂಡು ಬಂದವಳು ನಾನು. ಯಾವ ಸ್ಟಾಪಿನಲ್ಲಿ ಯಾವ ಅಜ್ಜಿ ಸೊಪ್ಪಿನ ಮೂಟೆ ಇಟ್ಟುಕೊಂಡು ಕಾಯುತ್ತಾಳೆ, ಯಾವ ಕಾಲೇಜು ಹುಡುಗಿ ಜಡೆ ಹಾಕಿಕೊಳ್ಳುತ್ತಲೇ ಓಡಿ ಬರುತ್ತಾಳೆ, ಎಲ್ಲ ನನಗೆ ಗೊತ್ತು. ಡ್ರೈವರ್ ಸಯ್ಯದಣ್ಣ ನನ್ನ ಸೀಟಿಯ ಸದ್ದಿನಲ್ಲೇ ನನಗೆ ಕೋಪ ಬಂದಿದೆಯೋ ಇಲ್ಲವೋ ಹೇಳುತ್ತಿದ್ದರು.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಕಾಲಿಡಲು ಜಾಗವಿಲ್ಲದಾಯಿತು. ನಾನು ದೂರುತ್ತಿಲ್ಲ. ಗಂಡನ ಮುಖ ನೋಡದೆ ತವರಿಗೋ ಆಸ್ಪತ್ರೆಗೋ ಹೊರಟು ನಿಂತ ಹೆಂಗಸರನ್ನು ಕಂಡು ನನಗೆ ಹೆಮ್ಮೆಯೇ ಆಗಿತ್ತು. ಆದರೆ ಮೊದಲು ಹಿಂದೆ ಮುಂದೆ ಓಡಾಡಿ ಟಿಕೆಟ್ ಕೊಡುತ್ತಿದ್ದವಳು ಈಗ ಒಂದೇ ಕಡೆ ಸಿಕ್ಕಿಕೊಂಡು ಗಂಟೆಗಟ್ಟಲೆ ನಿಲ್ಲಬೇಕಾಯಿತು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ಮೀನಖಂಡಗಳಲ್ಲಿ ನರಗಳು ಉಬ್ಬಿ ಸುತ್ತಿಕೊಂಡಿದ್ದವು. ಸಂಜೆಗೆ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಎಡಗಾಲಿನಲ್ಲಿ ಪಾದದ ಮೇಲಿನ ಹರಡಿನ ಸುತ್ತ ಚರ್ಮ ಕಪ್ಪಾಗಿ ನವೆ ಶುರುವಾಯಿತು.

ಆಯುಧಪೂಜೆಯ ಮರುವಾರ ಡಿಪೋ ಸಾಹೇಬರು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಎಲ್ಲದಕ್ಕೂ ಒಂದು ಕುರ್ಚಿ ತೋರಿಸುವ ಮನುಷ್ಯರು. “ನೋಡಮ್ಮ ಜಯಮ್ಮ, ರೂಟು ಬಿಡು. ಆಫೀಸಲ್ಲಿ ಕೂತ್ಕೊಳ್ಳಮ್ಮ, ಪಾಸ್ ಬರೆದುಕೊಂಡು ಆರಾಮಾಗಿರು” ಎಂದರು. ನನಗೆ ಆರಾಮು ಬೇಡ ಸಾರ್, ರೂಟು ಬೇಕು ಅಂದೆ. ಕಡೆಗೆ ಸದ್ಯಕ್ಕೆ ಆಫೀಸಿಗೆ ಹಾಕಿ ಒಂದು ಗಡುವು ಕೊಟ್ಟರು. ಸಂಕ್ರಾಂತಿಯೊಳಗೆ ಕಾಲು ಸರಿಯಾಗಿದೆ ಎಂದು ಡಾಕ್ಟರ ಕಾಗದ ತಂದರೆ ಬಸ್ಸು, ಇಲ್ಲದಿದ್ದರೆ ರೂಟು ಬೇರೆಯವರಿಗೆ, ನನಗೆ ಕಾಯಂ ಕುರ್ಚಿ. ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರು ಮಾತು ಕಡಿಮೆಯ ಆಸಾಮಿ, “ಕಾಲು ತೋರ್ಸು ಮೊದ್ಲು” ಎಂದಷ್ಟೇ ಅಂದರು.

ತೋರಿಸಲು ನನ್ನ ಜೊತೆ ಹೊರಟದ್ದು ಅಪ್ಪ. ನನ್ನ ತವರು ಬೂಕನಕೆರೆಯ ಪಕ್ಕದ ಹಳ್ಳಿ. ಅಪ್ಪ ನಲವತ್ತು ವರ್ಷದಿಂದ ಅಲ್ಲಿನ ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವನು. ಕೊಪ್ಪರಿಗೆಯ ಮುಂದೆ ನಿಂತು ನೊರೆ ನೋಡುವುದೇ ಅವನ ಕೆಲಸ. ಗುಳ್ಳೆ ದಪ್ಪಗಿದ್ದರೆ ಇನ್ನೂ ಬೇಯಬೇಕು, ಸಣ್ಣಗಾಗಿ ಒತ್ತಾಗಿ ಮೇಲೆದ್ದರೆ ಹದ ಬಂತು. ಊರಿನಲ್ಲಿ ಯಾರಿಗೂ ಕೊಡದ ಮರ್ಯಾದೆಯನ್ನು ಅಪ್ಪ ನೊರೆಗೆ ಕೊಡುತ್ತಿದ್ದ.

ಮೊದಲು ಹೋದದ್ದು ನಾಗಮಂಗಲದ ಕಡೆಯ ಒಬ್ಬ ಹಿರಿಯ ಡಾಕ್ಟರ ಹತ್ತಿರ. ಉಬ್ಬಿದ ನರಕ್ಕೆ ಔಷಧಿಯ ನೊರೆ ಮಾಡಿ ಚುಚ್ಚಿದರೆ ನರ ಒಳಗೊಳಗೇ ಅಂಟಿಕೊಂಡು ಮುಚ್ಚಿಹೋಗುತ್ತದೆ, ರಕ್ತ ಬೇರೆ ಒಳ್ಳೆಯ ನರ ಹಿಡಿದು ಹೋಗುತ್ತದೆ ಎಂದು ಅವರು ವಿವರಿಸಿದರು. ಬರೀ ನೀರಿನಂಥ ಔಷಧಿ ಬಿಟ್ಟರೆ ರಕ್ತದಲ್ಲಿ ಕಲೆತು ತೆಳುವಾಗುತ್ತದಂತೆ. ನೊರೆಯಾದರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ನರದ ಗೋಡೆಗೆ ತಾಗಿಕೊಂಡು ನಿಲ್ಲುತ್ತದಂತೆ. ನೊರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಾಗಿಲ ಹೊರಗೆ ಕೂತಿದ್ದ ಅಪ್ಪ ಎದ್ದು ಒಳಗೇ ಬಂದುಬಿಟ್ಟ.

ಡಾಕ್ಟರು ಒಂದೇ ಸಿರಿಂಜಿನಲ್ಲಿ ಔಷಧಿ ಎಳೆದು, ಒಂದಿಷ್ಟು ಗಾಳಿ ಎಳೆದು, ಕೆಮ್ಮಿನ ಸಿರಪ್ಪು ಕುಲುಕುವಂತೆ ಜೋರಾಗಿ ಕುಲುಕಿದರು. ಅಪ್ಪ ಕತ್ತು ಚಾಚಿ ನೋಡಿದ.

“ಸ್ವಾಮಿ, ಈ ನೊರೆ ನಿಲ್ಲಾಕಿಲ್ಲ. ಗುಳ್ಳೆ ದಪ್ಪ ಆಯ್ತು” ಎಂದ.

“ಯಜಮಾನ್ರೇ, ನಾನು ಮೂವತ್ತು ವರ್ಷದಿಂದ ಇದನ್ನೇ ಮಾಡ್ತಿರೋದು. ನೀವು ಬೆಲ್ಲ ನೋಡ್ಕೊಳ್ಳಿ” ಎಂದು ಡಾಕ್ಟರು ನಕ್ಕರು. ನನಗೆ ನಾಚಿಕೆಯಾಗಿ ಅಪ್ಪನ ಪಂಚೆ ಎಳೆದೆ. ಕಣ್ಣಿಗೆ ಕಂಡ ಗಂಟುಗಳಿಗೆ, ಎಡಗಾಲಿನಲ್ಲಿ ನಾಲ್ಕು ಕಡೆ ಚುಚ್ಚಿ, ಬ್ಯಾಂಡೇಜು ಸುತ್ತಿ, ತೊಡೆಯವರೆಗೆ ಬರುವ ಬಿಗಿ ಕಾಲುಚೀಲ ಬರೆದುಕೊಟ್ಟರು. ಇದನ್ನು ಸಡಿಲ ಬಿಡಬೇಡಿ, ಚೆನ್ನಾಗಿ ನಡೆಯಿರಿ ಎಂದು ಹೇಳಿ ಕಳಿಸಿದರು. ಗಂಟು ಇಳಿಯಿತು. ನಾನು ಗೆದ್ದೆ ಅಂದುಕೊಂಡೆ.

ಹತ್ತು ದಿನಕ್ಕೆ ದೀಪಾವಳಿ ಬಂತು. ತವರಿಗೆ ಹೋದೆ. ಹಂಡೆಗೆ ಹೂ ಸುತ್ತಿ ನೀರು ತುಂಬಿ ಅವ್ವ ಹರಳೆಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. “ಅಬ್ಬದ ದಿನ ಮೈಗೆ ಎಣ್ಣೆ ಸೋಕುಸ್ದೆ ಇದ್ರೆ ಆದದಾ? ಕಾಲು ಒಣಗ್ದ ಕಟ್ಟಿಗೆ ಆಗೋಗದೆ ನೋಡು” ಎಂದು ಕಾಲುಚೀಲ ಬಿಚ್ಚಿಸಿ, ಹಿಮ್ಮಡಿಯಿಂದ ತೊಡೆಯವರೆಗೂ ಎಣ್ಣೆ ಹಾಕಿ ನೀವಿ, ಸುಡುಸುಡು ನೀರು ಹೊಯ್ದಳು. ಸುಖವಾಗಲಿಲ್ಲ ಅಂತ ಸುಳ್ಳು ಹೇಳಲಾರೆ, ಸ್ವರ್ಗವೇ ಕಂಡಿತ್ತು. ಒರೆಸಿಕೊಂಡು ಅದೇ ಕಾಲಿಗೆ ಕಾಲುಚೀಲ ಎಳೆದುಕೊಂಡೆ. ಎಣ್ಣೆಯ ಜಿಡ್ಡಿಗೆ ಅದು ನಿಲ್ಲಲಿಲ್ಲ. ಜಾರಿ ಜಾರಿ ಮಂಡಿಯ ಕೆಳಗೆ ಸುರುಳಿಯಾಗಿ ಹಗ್ಗ ಬಿಗಿದಂತೆ ಕೂತಿತು. ಹಬ್ಬದ ಗಡಿಬಿಡಿಯಲ್ಲಿ ಎರಡು ದಿನ ನಾನು ಅದನ್ನು ಎಳೆದುಕೊಂಡು ಎಳೆದುಕೊಂಡು ಓಡಾಡಿದೆ. ಮೂರನೆಯ ದಿನ ಕಾಲು ಊದಿ ಕೆಂಪಗಾಗಿತ್ತು. ವಾರ ಕಳೆಯುವಷ್ಟರಲ್ಲಿ ಇಳಿದಿದ್ದ ಗಂಟು ಮತ್ತೆ ಎದ್ದು ಕೂತಿತ್ತು.

ಅಪ್ಪ ನನ್ನ ಕಾಲು ನೋಡಿದ, ಎಣ್ಣೆಯ ಬಟ್ಟಲು ನೋಡಿದ. ಅವನ ಮುಖ ಕಪ್ಪಿಟ್ಟಿತು.

ಅದಕ್ಕೆ ಕಾರಣ ಆಲೆಮನೆಯವರಿಗೆ ಮಾತ್ರ ಅರ್ಥವಾಗುವಂಥದ್ದು. ಕೊಪ್ಪರಿಗೆಯಲ್ಲಿ ನೊರೆ ಉಕ್ಕಿ ಹೊರಚೆಲ್ಲುವಂತಾದಾಗ ಹದ ನೋಡುವವನು ಎರಡು ತೊಟ್ಟು ಹರಳೆಣ್ಣೆ ಬಿಡುತ್ತಾನೆ. ಎಷ್ಟೇ ಎತ್ತರಕ್ಕೆ ಎದ್ದ ನೊರೆಯೂ ಉಸ್ಸೆಂದು ಅಡಗುತ್ತದೆ. ಅಪ್ಪ ಇದನ್ನು ಜೀವಮಾನವೆಲ್ಲ ಮಾಡಿದವನು.

“ನೀನೇ ಕಣಮ್ಮಿ ಕೆಡುಸ್ದೋಳು!” ಎಂದು ಅವ್ವನ ಮೇಲೆ ಎಗರಿದ. “ಡಾಕ್ಟ್ರು ನೊರೆ ಬುಟ್ಟು ಕಳ್ಸವ್ರೆ. ನೀನು ಮೇಲಿಂದ ಅಳ್ಳೆಣ್ಣೆ ಉಯ್ದು ನೊರೆಯ ಸಾಯ್ಸ್‌ಬುಟ್ಟೆ!”

ಅವ್ವ ಬಿಡುವವಳಲ್ಲ. “ನಿನ್ನ ಕೊಪ್ರಿಗೆನೂ ನನ್ನ ಮಗಳ ಕಾಲೂ ಒಂದೇಯಾ? ಎಣ್ಣೆ ತೊಗಲ ಮೇಲೆ ಅಚ್ಚುದ್ರೆ ನರದೊಳಕ್ಕೆ ಎಂಗ್ ಓಯ್ತದೆ? ಸುಮ್ಕಿರು ಕಂಡಿದೀನಿ” ಎಂದಳು. ಅಪ್ಪ ಆ ಕ್ಷಣದಿಂದ ಅವ್ವನ ಜೊತೆ ಮಾತು ಬಿಟ್ಟ. ಒಂದು ದಿನ, ಎರಡು ದಿನ ಅಲ್ಲ, ತಿಂಗಳಾಯಿತು. ಉಪ್ಪು ಬೇಕಾದರೆ ಕೊಟ್ಟಿಗೆಯ ಹಸುವಿಗೆ ಕೇಳುವಂತೆ ಕೇಳುತ್ತಿದ್ದ. ಅವ್ವನೂ ಹಸುವಿನ ಕಡೆಯೇ ತಿರುಗಿ ಉತ್ತರ ಕೊಡುತ್ತಿದ್ದಳು. ನನ್ನ ಕಾಲಿನಿಂದ ಆ ಮನೆಯಲ್ಲಿ ಇಬ್ಬರ ಬಾಯಿಗೆ ಬೀಗ ಬಿದ್ದದ್ದು ನನಗೆ ನರದ ನೋವಿಗಿಂತ ಹೆಚ್ಚು ಕೊರೆಯಿತು.

ಅತ್ತ ಡಿಪೋದಲ್ಲಿ ಕುರ್ಚಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲು ಇಳಿಬಿಟ್ಟು ಕೂತು ಪಾಸು ಬರೆಯುತ್ತಿದ್ದೆ. ಸಯ್ಯದಣ್ಣ ಕಿಟಕಿಯಲ್ಲಿ ಇಣುಕಿ, “ಕ್ಯಾ ಅಕ್ಕಾ, ನೀವಿಲ್ದೆ ಬಸ್ಸು ಬೇಕಾರ್. ಹೊಸ ಹುಡುಗನ ಸೀಟಿ ಕೇಳಿದ್ರೆ ನಿದ್ದೆ ಬರ್ತದೆ” ಎನ್ನುತ್ತಿದ್ದರು. ನಾನು ನಗಲಿಲ್ಲ. ಒಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ಕೂತರೂ ಕಾಲು ಊದುತ್ತಿತ್ತು! ನಿಂತಷ್ಟೇ ಊದುತ್ತಿತ್ತು. ಅನುಮಾನಕ್ಕೆ ಒಂದು ಸಂಜೆ ಹೂ ಕಟ್ಟುವ ದಾರ ತೆಗೆದುಕೊಂಡು ಹರಡಿನ ಸುತ್ತಳತೆ ಹಿಡಿದು ಗಂಟು ಹಾಕಿ ಇಟ್ಟೆ. ರಜೆಯ ದಿನ ತೋಟ, ಅಂಗಡಿ ಅಂತ ತಿರುಗಾಡಿ ಬಂದು ಮತ್ತೆ ಅಳೆದೆ. ತಿರುಗಾಡಿದ ದಿನದ ದಾರ ಒಂದು ಬೆರಳಿನಷ್ಟು ಗಿಡ್ಡ. ಹೀಗೆ ದಾರಗಳು ಸೇರುತ್ತಾ ಹೋದವು.

ಕಾರ್ತೀಕ ಕಳೆಯುವ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ವಾರಕ್ಕೊಂದು ದಿನ ಬರುವ ಡಾಕ್ಟರಮ್ಮನ ವಿಷಯ ಗೊತ್ತಾಯಿತು. ಕಾಲಿನ ಮೇಲೆ ಸ್ಕ್ಯಾನಿಂಗ್ ಯಂತ್ರ ಆಡಿಸಿ, ಒಳಗಿನ ನರ ಕಣ್ಣಾರೆ ನೋಡಿಕೊಂಡೇ ನೊರೆ ಬಿಡುತ್ತಾರಂತೆ. ಅಪ್ಪ ಮತ್ತೆ ಬಂದ. ಈ ಸಲ ಪಂಚೆ ಒಗೆದು ಉಟ್ಟು, ನ್ಯಾಯ ಕೇಳಲು ಹೊರಟವನ ಹಾಗೆ ಬಂದ.

ಡಾಕ್ಟರಮ್ಮ ನನ್ನನ್ನು ನಿಲ್ಲಿಸಿ ಸ್ಕ್ಯಾನ್ ಮಾಡಿದರು. ಎಡಗಾಲಿನಲ್ಲಿ ತೊಡೆಯಿಂದ ಇಳಿದು ಬರುವ ಉದ್ದ ನರದ ಬಾಗಿಲುಗಳು ಕೆಟ್ಟು ರಕ್ತ ಕೆಳಕ್ಕೆ ಸುರಿಯುತ್ತಿತ್ತು. ಕೆಳಗಿನ ಗಂಟುಗಳನ್ನಷ್ಟೇ ಮುಚ್ಚಿದರೆ ಪ್ರಯೋಜನವಿಲ್ಲ, ಮೂಲ ಮೇಲಿದೆ ಎಂದರು.

“ಅಂದ್ರೆ ತೂಬು ಮುಚ್ದೆ ಗದ್ದೆ ಒಣಗ್ಸಕ್ಕೆ ಓಗಿದ್ವಿ ಅನ್ನಿ” ಎಂದ ಅಪ್ಪ.

“ಸರಿಯಾಗಿ ಹೇಳಿದ್ರಿ!” ಎಂದು ಅವರು ತಿರುಗಿ ಅವನನ್ನು ಮೊದಲ ಬಾರಿಗೆ ನೋಡಿದರು. ಅಪ್ಪನಿಗೆ ಧೈರ್ಯ ಬಂತು. ತಿಂಗಳಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ. “ನಮ್ಮೋಳು ಅಳ್ಳೆಣ್ಣೆ ಅಚ್ಚವ್ಳೆ ಕಣವ್ವ. ಅದ್ಕೇ ನೊರೆ ಸತ್ತೋಯ್ತು, ಅಲ್ವಾ?”

ಡಾಕ್ಟರಮ್ಮ ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇವತ್ತಿಗೂ ಗೌರವ. “ಯಜಮಾನ್ರೇ, ನೊರೆ ಒಳಗೆ ಇರೋದು ಕೆಲವೇ ನಿಮಿಷ. ನಿಮ್ಮ ಮಗಳು ಮೇಜಿನಿಂದ ಇಳಿದು ಬಸ್ ಹತ್ತೋ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿ ಕರಗಿಹೋಗಿತ್ತು. ಎಣ್ಣೆ ಹಚ್ಚಿದ್ದು ಹತ್ತು ದಿನ ಆದ್ಮೇಲೆ. ಅಮ್ಮನ ಎಣ್ಣೆ ನೊರೆ ಮುಟ್ಟಿಲ್ಲ. ಆದ್ರೆ ಆ ಜಿಡ್ಡಿಗೆ ಕಾಲುಚೀಲ ಜಾರಿ ಮಂಡಿ ಕೆಳಗೆ ಬಿಗಿದದ್ದು ತಪ್ಪಾಯ್ತು. ಅದನ್ನ ನೋಡ್ಕೋಬೇಕಾಗಿದ್ದು ನಿಮ್ಮ ಮಗಳು” ಎಂದರು. ಇಬ್ಬರ ಕಿವಿಯನ್ನೂ ಒಟ್ಟಿಗೆ ಹಿಂಡಿದಂತಾಯಿತು. ಅಪ್ಪ ಗೋಡೆ ನೋಡಿದ, ನಾನು ಕಾಲು ನೋಡಿಕೊಂಡೆ.

ಆಮೇಲೆ ನೊರೆ. ಎರಡು ಸಿರಿಂಜು, ನಡುವೆ ಸಣ್ಣ ನಲ್ಲಿಯಂಥ ಒಂದು ಕೂಡುಗೊಳವೆ. ಒಂದರಲ್ಲಿ ಔಷಧಿ ಒಂದು ಪಾಲು, ಇನ್ನೊಂದರಲ್ಲಿ ಗಾಳಿ ನಾಲ್ಕು ಪಾಲು. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಸರಸರನೆ ತಳ್ಳಿದರು. ಅಪ್ಪ ತುಟಿಯಲ್ಲೇ ಲೆಕ್ಕ ಹಾಕಿದ, ಇಪ್ಪತ್ತು ಸಲ. ಡಾಕ್ಟರಮ್ಮ ಸಿರಿಂಜನ್ನು ಬೆಳಕಿಗೆ ಎತ್ತಿ ಹಿಡಿದರು. ಹಾಲಿನ ಕೆನೆಯಂತೆ ಬೆಳ್ಳಗೆ, ಒಂದು ಗುಳ್ಳೆಯೂ ಕಾಣುತ್ತಿರಲಿಲ್ಲ. “ಹೇಗಿದೆ ಯಜಮಾನ್ರೇ?” ಎಂದು ಕೇಳಿದರು.

ಅಪ್ಪನ ಕಣ್ಣು ಅರಳಿತು. “ಇದು ನೊರೆ! ಬುಡವ್ವ, ಬ್ಯಾಗ ಬುಡು, ತಡ ಆದ್ರೆ ಅದ ಕೆಟ್ಟೋಯ್ತದೆ!”

“ಅದೂ ನಿಜ” ಎಂದು ಅವರು ಕೆಲಸಕ್ಕೆ ಇಳಿದರು. ಬಲಗಾಲಿನಲ್ಲಿ ಇದ್ದದ್ದು ವಕ್ರವಕ್ರವಾದ ಸಣ್ಣ ಕವಲುಗಳು. ಅಲ್ಲಿಗೆ ಸೂಜಿಯಲ್ಲೇ, ಸ್ಕ್ಯಾನ್ ನೋಡಿಕೊಂಡು ಮೂರು ಕಡೆ ಬಿಟ್ಟರು. ಎಡಗಾಲಿನ ಉದ್ದ ನರದೊಳಗೆ ತೆಳ್ಳನೆಯ ನಳಿಕೆ ತೂರಿಸಿ, ಕಾಲು ಎತ್ತಿ ಹಿಡಿಸಿ ರಕ್ತ ಇಳಿಸಿ, ಹೊಸದಾಗಿ ಮಾಡಿದ ನೊರೆಯನ್ನು ಬಿಡುತ್ತಾ ನಳಿಕೆಯನ್ನು ಹಿಂದಕ್ಕೆ ಎಳೆದುಕೊಂಡರು. ಪರದೆಯ ಮೇಲೆ ಕಪ್ಪು ನರದೊಳಗೆ ಬಿಳಿ ಹರಿದು ತುಂಬುವುದನ್ನು ಅಪ್ಪ ಮಗಳು ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು. ನೋವು ಇರಲಿಲ್ಲವೇ ಎಂದು ಕೇಳಬೇಡಿ. ಇರುವೆ ಸಾಲು ಕಚ್ಚಿದಂತೆ ಉರಿಯಿತು. ಕಚ್ಚಲಿ ಎಂದು ಹಲ್ಲು ಕಚ್ಚಿಕೊಂಡೆ.

ಕುಲುಕಿದ ನೊರೆ, ತಳ್ಳಿದ ನೊರೆ, ಸೂಜಿ, ನಳಿಕೆ, ಇಷ್ಟನ್ನೂ ನನ್ನ ಎರಡು ಕಾಲೇ ಕಂಡವು. ಯಾವುದು ಮೇಲು ಎಂದು ಯಾರಾದರೂ ಕೇಳಿದರೆ ನನ್ನ ಕಾಲಿನ ಮಟ್ಟಿಗೆ ಹೇಳಬಲ್ಲೆ. ನಳಿಕೆಯ ಎಡಗಾಲು ಒಂದೇ ಸಲಕ್ಕೆ ಮುಚ್ಚಿತು. ಸೂಜಿಯ ಬಲಗಾಲಿಗೆ ಇನ್ನೊಮ್ಮೆ ಹೋಗಬೇಕಾಯಿತು, ಒಂದು ಕಡೆ ರಕ್ತ ಗಟ್ಟಿಯಾಗಿ ನಿಂತದ್ದನ್ನು ಚುಚ್ಚಿ ತೆಗೆದರು, ಕಂದು ಗೆರೆಯೊಂದು ಇನ್ನೂ ಇದೆ. ಇರಲಿ, ಅದು ನನ್ನ ಗೆರೆ. ಹಿರಿಯ ಡಾಕ್ಟರನ್ನೂ ನಾನು ಬೈಯಲಾರೆ. ಕಾಣದ್ದನ್ನು ಅವರು ಹೇಗೆ ಮುಚ್ಚಿಯಾರು?

ಚುಚ್ಚಿದ ಮೇಲೆ ಕಾಲುಚೀಲ ಹಾಕಿಸಿ, “ಈಗಲೇ ಅರ್ಧ ಗಂಟೆ ನಡೀರಿ. ಕೂರಬೇಡಿ, ನಿಲ್ಲಬೇಡಿ” ಎಂದರು. ನಾವು ಕೋಟೆಯ ಗೋಡೆ ಪಕ್ಕ ಹೊಳೆಯವರೆಗೆ ನಡೆದೆವು. ಅಪ್ಪ ಹಿಂದೆ ಬೀಳುತ್ತಿದ್ದ. ತಿರುಗಿ ನೋಡಿದರೆ ಕುಂಟುತ್ತಿದ್ದ. ಗಾಳಿಗೆ ಪಂಚೆ ಸರಿದಾಗ ಕಂಡಿತು, ಅವನ ಹರಡಿನ ಸುತ್ತ ಚರ್ಮ ಕೊಪ್ಪರಿಗೆಯ ತಳದಂತೆ ಕಪ್ಪಾಗಿತ್ತು, ಒಂದು ಹುಣ್ಣಿಗೆ ಬಟ್ಟೆ ಸುತ್ತಿದ್ದ.

“ಇದೇನಪ್ಪ?”

“ಒಲೆ ಉರಿ ಕಣವ್ವ. ಏನಿಲ್ಲ, ನಡಿ” ಎಂದು ಪಂಚೆ ಇಳಿಬಿಟ್ಟ. ನಾನು ನಡೆದೆ. ಆ ಹೊತ್ತು ನನಗೆ ನನ್ನ ಕಾಲೇ ದೊಡ್ಡದಾಗಿತ್ತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ಸಂಜೆ ತವರಿನಲ್ಲಿ ಅಪ್ಪ ಸೀದಾ ಅಡುಗೆಮನೆಗೆ ಹೋಗಿ ಹರಳೆಣ್ಣೆಯ ಬಟ್ಟಲು ತಂದು ಅವ್ವನ ಮುಂದೆ ಇಟ್ಟು, ತಲೆ ಬಗ್ಗಿಸಿ ಕೂತ. “ಅಚ್ಚು” ಎಂದ. ಅವ್ವ ಅಂಗೈಗೆ ಎಣ್ಣೆ ಸುರಿದುಕೊಂಡು ಅವನ ನೆತ್ತಿಗೆ ಪಟಪಟನೆ ಬಡಿಯಲು ಶುರುಮಾಡಿದಳು. ತಿಂಗಳ ಸಿಟ್ಟೆಲ್ಲ ಆ ಬಡಿತದಲ್ಲಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡು ಏಟು ತಿಂದ.

ಸಂಕ್ರಾಂತಿಗೆ ಮೂರು ದಿನ ಇರುವಾಗ ಡಾಕ್ಟರಮ್ಮನ ಕಾಗದ ಹಿಡಿದು ಸಾಹೇಬರ ಮುಂದೆ ನಿಂತೆ. ಅವರ ಫಾರಮ್ಮಿನಲ್ಲಿ ಒಂದು ಕಾಲಂ ಇತ್ತು, ನೌಕರರು ಸತತವಾಗಿ ಎಷ್ಟು ಗಂಟೆ ನಿಲ್ಲಬಲ್ಲರು ಎಂದು. ಅದರ ಎದುರು ಡಾಕ್ಟರಮ್ಮ ಬರೆದಿದ್ದರು: ಒಂದೇ ಕಡೆ ನಿಲ್ಲಬಾರದು, ಕಾಲು ಇಳಿಬಿಟ್ಟು ಬಹಳ ಹೊತ್ತು ಕೂರಲೂಬಾರದು, ನಡೆದಷ್ಟೂ ಒಳ್ಳೆಯದು.

ಸಾಹೇಬರು ಕನ್ನಡಕ ತೆಗೆದರು. “ನಿಲ್ಲಬಾರದು ಅಂತ ಅವರೇ ಬರೆದಿದ್ದಾರಲ್ಲಮ್ಮ. ಅದಕ್ಕೇ ಹೇಳೋದು, ಕೂತ್ಕೊಳ್ಳಮ್ಮ.”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಚೀಲದಿಂದ ದಾರಗಳನ್ನು ತೆಗೆದು ಅವರ ಮೇಜಿನ ಮೇಲೆ ಸಾಲಾಗಿ ಹಾಸಿದೆ. “ಸಾರ್, ಈ ಉದ್ದದ ದಾರಗಳು ನಿಮ್ಮ ಕುರ್ಚಿಯಲ್ಲಿ ಕೂತ ದಿನದವು. ಈ ಗಿಡ್ಡವು ನಾನು ನಡೆದ ದಿನದವು. ನನ್ನ ಕಾಲಿನ ಅಳತೆ. ನೀವೇ ನೋಡಿ. ಮುಂದಿನ ಸಾಲೂ ಓದಿ, ನಡೆದಷ್ಟೂ ಒಳ್ಳೆಯದು ಅಂತ ಇದೆ. ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ದಿನವಿಡೀ ನಡೆಯೋ ಕೆಲಸ ನನ್ನದು. ಜನರನ್ನು ಒಳಗೆ ನಡೆಸಿ ದಾರಿ ಮಾಡಿಕೊಳ್ಳೋದು ನನಗೆ ಬರುತ್ತೆ. ನನ್ನನ್ನು ಕೂರಿಸಿ ಕಾಲು ಕೆಡಿಸಬೇಡಿ.”

ಅವರು ಒಂದು ದಾರ ಎತ್ತಿ ಇನ್ನೊಂದರ ಪಕ್ಕ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಕೊನೆಗೆ ಪೆನ್ನು ತೆಗೆದು, “ಮೂರು ತಿಂಗಳು ನೋಡೋಣ” ಎಂದು ಬರೆದರು. ಆ ಮೂರು ತಿಂಗಳು ಮುಗಿದು ಎಷ್ಟೋ ಕಾಲವಾಯಿತು. ರೂಟು ನನ್ನಲ್ಲೇ ಇದೆ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೂಕನಕೆರೆಯ ಸ್ಟಾಪಿನಲ್ಲಿ ಅಪ್ಪ ಹತ್ತಿದ. ಒಗೆದ ಪಂಚೆ, ತಲೆಗೆ ಎಣ್ಣೆ. ಚಿಲ್ಲರೆ ಎಣಿಸಿ ಕೈಗಿಟ್ಟು, “ಶ್ರೀರಂಗಪಟ್ಣ, ಒಂದು” ಎಂದ.

“ಏನ್ ಕೆಲ್ಸ ಅಪ್ಪ ಅಲ್ಲಿ?”

“ಆ ಡಾಕ್ಟ್ರವ್ವನ ತಾವ ಕಾಲು ತೋರುಸ್ತೀನಿ. ನಿಮ್ಮವ್ವ ಕಳ್ಸವ್ಳೆ” ಎಂದ. ಆಮೇಲೆ ಎಲ್ಲರಿಗೂ ಕೇಳಲಿ ಎಂಬಂತೆ ದನಿ ಏರಿಸಿ, “ನೊರೆ ಮಾತ್ರ ನಾನೇ ನೋಡೋದು. ಸರಿಯಾಗಿಲ್ದಿದ್ರೆ ಎದ್ದು ಬಂದ್ಬುಡ್ತೀನಿ” ಎಂದ.

ಹೊಳೆ ದಂಡೆಯಲ್ಲಿ ಪಂಚೆ ಸರಿದಾಗ ಕಂಡ ಹುಣ್ಣು ಕಣ್ಣ ಮುಂದೆ ಬಂತು. ಕಿಟಕಿ ಪಕ್ಕ ಒಂದು ಸೀಟು ಖಾಲಿ ಇತ್ತು. “ಕುಂತ್ಕಳಪ್ಪ” ಎಂದುಬಿಟ್ಟೆ.

ಅಪ್ಪ ನನ್ನನ್ನು ಕೆಕ್ಕರಿಸಿಕೊಂಡು ನೋಡಿದ. “ನೀನೂ ಅದ್ನೇ ಅಂತೀಯಲ್ಲವ್ವ.”

ನಾಲಿಗೆ ಕಚ್ಚಿಕೊಂಡೆ. ಅವನ ಕೈ ತೆಗೆದು ಮೇಲಿನ ಕಂಬಿಗೆ ಹಿಡಿಸಿದೆ. ಸೀಟಿ ಊದಿದೆ. ಸಯ್ಯದಣ್ಣ ಕನ್ನಡಿಯಲ್ಲಿ ನೋಡಿ ನಿಧಾನಕ್ಕೆ ಬಸ್ಸು ಬಿಟ್ಟರು. ನಾನು ಟಿಕೆಟ್ ಕೊಡುತ್ತಾ ಮುಂದೆ ಹೊರಟೆ, ಅಪ್ಪ ಕಂಬಿ ಬದಲಿಸಿಕೊಂಡು ನನ್ನ ಹಿಂದೆ ಹಿಂದೆಯೇ ಬಂದ. ಮುಂದಿನ ಬಾಗಿಲವರೆಗೆ ಹೋಗಿ ತಿರುಗಿದೆ, ಅವನೂ ತಿರುಗಿದ. ಚಿನಕುರಳಿ ಬಂತು, ಜನ ಹತ್ತಿದರು, ಬಾಗಿಲಲ್ಲೇ ಗುಂಪಾಗಿ ನಿಂತರು.

ದಿನವೂ ಕೂಗುವ ಮಾತನ್ನೇ ಅವತ್ತೂ ಕೂಗಿದೆ, ಇಡೀ ಬಸ್ಸಿಗೆ ಕೇಳುವ ಹಾಗೆ.

“ಒಳಗ್ ನಡೀರಿ! ಯಾರೂ ನಿಂತ್ಕಬ್ಯಾಡಿ, ಮುಂದಕ್ ನಡೀರಿ!”